ಕಡಲಿಗೆ ಗೆರೆ ಎಳೆದರೆ ಸಾಕಾ? ಕಾಯುವವರು ಯಾರು?

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಕರಾವಳಿ ಮತ್ತು ಸಮುದ್ರವನ್ನು ಹಾಳಾಗದಂತೆ ಬಳಸುವುದು ಹೇಗೆ ಅನ್ನುವ ಮಾತು ಬಂದಾಗಲೆಲ್ಲ ಈಗ ಒಂದೇ ಅಂಕಿ ಕೇಳಿಬರುತ್ತದೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದಲ್ಲಿ, 2030ರ ಹೊತ್ತಿಗೆ ನೆಲ ಮತ್ತು ಸಮುದ್ರದ ಶೇ 30ರಷ್ಟನ್ನು ರಕ್ಷಿಸುತ್ತೇವೆ ಅಂತ ದೇಶಗಳು ಒಪ್ಪಿಕೊಂಡವು. ಅಲ್ಲಿಂದ ಎಲ್ಲರೂ ಚದರ ಕಿಲೋಮೀಟರ್ ಎಣಿಸುತ್ತಿದ್ದಾರೆ. ಇಷ್ಟು ಸೇರಿತು, ಇನ್ನಿಷ್ಟು ಬಾಕಿ ಅಂತ.

ಅಂಕಿಯ ಬಗ್ಗೆ ನನ್ನ ತಕರಾರಿಲ್ಲ. ಗೆರೆ ಎಳೆದ ಮೇಲೆ ಒಳಗೆ ಏನು ನಡೆಯುತ್ತದೆ ಅನ್ನುವುದು ನನ್ನ ಚಿಂತೆ. ಯೂರೋಪಿನ ಎಷ್ಟೋ ಸಂರಕ್ಷಿತ ಪ್ರದೇಶಗಳಲ್ಲಿ ಈಗಲೂ ತಳ ಕೆರೆಯುವ ಟ್ರಾಲ್ ಬಲೆ ಎಳೆಯಬಹುದು. ಆ ಭಾರದ ಬಲೆ ಹಾದುಹೋದ ಕಡೆ ಸ್ಪಂಜು, ಹವಳ, ಮರಿಮೀನು ಅಡಗುವ ಜಾಗ ಎಲ್ಲವೂ ಕಿತ್ತುಬರುತ್ತದೆ. ಅದನ್ನೂ ಸಂರಕ್ಷಿತ ಅಂತ ಲೆಕ್ಕಕ್ಕೆ ಸೇರಿಸುವುದು ಸರಿಯಾ? ನಿಜವಾಗಿ ಫಲ ಸಿಕ್ಕ ಕಡೆ ಏನು ಬೇರೆ ಇತ್ತು? ತಿಳಿದವರು ಬರೆಯಿರಿ.

ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಇದಕ್ಕೆ ಒಂದು ಗಟ್ಟಿ ಅಧ್ಯಯನವೇ ಇದೆ. 2014ರಲ್ಲಿ ಪ್ರಕಟವಾಯಿತು. ಲೋಕದ ಬೇರೆಬೇರೆ ಕಡೆಯ 87 ಸಂರಕ್ಷಿತ ಪ್ರದೇಶಗಳಲ್ಲಿ ಮುಳುಗಿ ಮೀನು ಎಣಿಸಿದರು. ಐದು ಗುಣಗಳನ್ನು ನೋಡಿದರು. ಮೀನುಗಾರಿಕೆ ಪೂರ್ತಿ ನಿಂತಿದೆಯಾ, ಕಾವಲು ಸರಿಯಾಗಿದೆಯಾ, ಹತ್ತು ವರ್ಷ ದಾಟಿದೆಯಾ, 100 ಚದರ ಕಿಲೋಮೀಟರ್‌ಗಿಂತ ದೊಡ್ಡದಾ, ಸುತ್ತ ಆಳದ ನೀರೋ ಮರಳೋ ಇದ್ದು ಪ್ರತ್ಯೇಕವಾಗಿದೆಯಾ ಅಂತ. ಶೇ 59ರಷ್ಟು ಕಡೆ ಈ ಐದರಲ್ಲಿ ಒಂದೋ ಎರಡೋ ಮಾತ್ರ ಇದ್ದವು. ಅಂಥ ಜಾಗಗಳಿಗೂ ಮಾಮೂಲಿಯಾಗಿ ಮೀನು ಹಿಡಿಯುವ ಜಾಗಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ನಾಲ್ಕೈದು ಗುಣ ಇದ್ದ ಕಡೆ ದೊಡ್ಡ ಮೀನು, ಶಾರ್ಕ್ ಎಲ್ಲ ಎದ್ದು ಕಾಣುವಷ್ಟು ಜಾಸ್ತಿ ಇದ್ದವು.

ಮೆಕ್ಸಿಕೋದ ಕಾಬೋ ಪುಲ್ಮೋ ನೋಡಿ. 1995ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಗದದ ಮೇಲೆ ಪೂರ್ತಿ ನಿಷೇಧ ಇದ್ದಿದ್ದು ಅದರ ಒಂದು ಭಾಗಕ್ಕೆ ಮಾತ್ರ. ಊರಿನ ಮೀನುಗಾರ ಕುಟುಂಬಗಳೇ ಕೂತು ಇಡೀ ಜಾಗದಲ್ಲಿ ಬಲೆ ಹಾಕುವುದು ಬೇಡ ಅಂತ ತೀರ್ಮಾನಿಸಿದವು. 1999ರಿಂದ 2009ರ ನಡುವೆ ಅಲ್ಲಿ ಮೀನಿನ ಒಟ್ಟು ತೂಕ ಶೇ 463ರಷ್ಟು ಏರಿತು. ಅದೇ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಕಾವಲಿಲ್ಲದ ಬೇರೆ ಉದ್ಯಾನಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ನಕಾಶೆ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಎಲ್ಲ ಕಡೆ ಪೂರ್ತಿ ಮುಚ್ಚುವುದು ಆಗದ ಮಾತು. ಹಡಗು ಓಡಾಡಬೇಕು, ಬಂದರು ಬೇಕು, ಈಗ ಗಾಳಿಯಂತ್ರಗಳೂ ಸಮುದ್ರದೊಳಗೇ ನಿಲ್ಲುತ್ತಿವೆ. ಹಾಗಾಗಿ ವಲಯ ಮಾಡಿ ಹಂಚಬೇಕಾಗುತ್ತದೆ.

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ನಕ್ಷೆಯನ್ನು ಒಮ್ಮೆ ತೆರೆದು ನೋಡಿ. ಬಣ್ಣದಲ್ಲೇ ಕಾನೂನು ಬರೆದಿದ್ದಾರೆ. ತಿಳಿನೀಲಿ ಅಂದರೆ ಸಾಮಾನ್ಯ ಬಳಕೆ. ಕಡುನೀಲಿಯಲ್ಲಿ ಟ್ರಾಲಿಂಗ್ ಇಲ್ಲ. ಹಳದಿಯಲ್ಲಿ ಸ್ವಲ್ಪ ಮಟ್ಟಿನ ಮೀನುಗಾರಿಕೆ. ಹಸಿರಿನಲ್ಲಿ ದೋಣಿ ಓಡಿಸಬಹುದು, ಈಜಬಹುದು, ಮೀನು ಹಿಡಿಯುವಂತಿಲ್ಲ. ಗುಲಾಬಿಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 2004ಕ್ಕೆ ಮೊದಲು ಶೇ 5ಕ್ಕಿಂತ ಕಡಿಮೆ ಜಾಗದಲ್ಲಿ ಮೀನು ಹಿಡಿಯುವುದು ನಿಷೇಧವಾಗಿತ್ತು. ಆ ವರ್ಷ ಅದನ್ನು ಶೇ 33ಕ್ಕೆ ಏರಿಸಿದರು. ಸುಮ್ನೆ ಏರಿಸಲಿಲ್ಲ. ಇಡೀ ಪ್ರದೇಶವನ್ನು 70 ಬಗೆಯ ಜೀವವಲಯಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಕನಿಷ್ಠ ಶೇ 20 ಹಸಿರಾಗಬೇಕು ಅಂತ ನಿಯಮ ಹಾಕಿಕೊಂಡರು. ಯಾರಿಗೂ ಬೇಡದ ಮರಳುಗಾಡಿನಂಥ ತಳವನ್ನು ಮಾತ್ರ ಆರಿಸಿ ಲೆಕ್ಕ ತೋರಿಸಲು ಆಗಬಾರದು ಅನ್ನುವುದಕ್ಕೆ ಇದು. ಜನರಿಂದ 31,000ಕ್ಕೂ ಹೆಚ್ಚು ಅಭಿಪ್ರಾಯಪತ್ರ ಬಂದವು. ಎಷ್ಟೋ ಕಡೆ ಗೆರೆಗಳನ್ನು ಅದರಂತೆ ಸರಿಸಿದರು. ನನಗೆ ಇಷ್ಟವಾಗುವುದು ಈ ಭಾಗ. ಕರಡು ಹಾಕಿದ ಮೇಲೂ ಗೆರೆ ಸರಿಯಬಹುದು ಅಂತ ಜನಕ್ಕೆ ನಂಬಿಕೆ ಬಂದರೆ ಮಾತ್ರ ಅವರು ನಿಜವಾದ ಮಾಹಿತಿ ಕೊಡುತ್ತಾರೆ.

ದೋಣಿಮನೆ:
ನಾನು ಮೀನು ಹಿಡಿಯುವ ಮನೆಯಲ್ಲೇ ಹುಟ್ಟಿ ಬೆಳೆದವನು. ನಕಾಶೆಯವರು ಹೇಳಿದ ಆ ಕೊನೆಯ ಮಾತು ನಮಗೆಲ್ಲ ತಾಗುತ್ತದೆ. ಸಾಮಾನ್ಯವಾಗಿ ನಡೆಯುವುದು ಬೇರೆ. ಸಭೆಗೆ ಕರೆಯುತ್ತಾರೆ, ಹಾಜರಿ ಹಾಕಿಸಿಕೊಳ್ಳುತ್ತಾರೆ, ನಕ್ಷೆ ಮೊದಲೇ ಅಚ್ಚಾಗಿ ಬಂದಿರುತ್ತದೆ.

ರಕ್ಷಣೆಯ ಹೆಸರಲ್ಲಿ ಅನ್ಯಾಯವೂ ಆಗುತ್ತದೆ ಅನ್ನುವುದಕ್ಕೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳೇ ಸಾಕ್ಷಿ. ಅಲ್ಲಿನ ಜನರನ್ನು 1968ರಿಂದ 1973ರ ನಡುವೆ ಬ್ರಿಟನ್ ಹೊರಹಾಕಿತು. 2010ರಲ್ಲಿ ಅದೇ ಬ್ರಿಟನ್ ಸುತ್ತಲಿನ ಸಮುದ್ರವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಮನೆಗೆ ಮರಳಬೇಕು ಅಂತ ಹೋರಾಡುತ್ತಿದ್ದ ಜನಕ್ಕೆ ಅಲ್ಲಿ ಮೀನು ಹಿಡಿದು ಬದುಕುವ ದಾರಿಯೂ ಮುಚ್ಚಿತು. ಮಾರಿಷಸ್ ದಾವೆ ಹೂಡಿತು. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ಮಂಡಳಿ, ಆ ಘೋಷಣೆ ಸಮುದ್ರ ಕಾನೂನಿನ ಒಪ್ಪಂದಕ್ಕೆ ವಿರುದ್ಧವಾಗಿದೆ ಅಂತ ತೀರ್ಪು ಕೊಟ್ಟಿತು.

ಇದರ ಪಕ್ಕದಲ್ಲಿ ಫಿಲಿಪ್ಪೀನ್ಸ್‌ನ ಅಪೋ ದ್ವೀಪವನ್ನು ಇಟ್ಟು ನೋಡಿ. 1982ರಲ್ಲಿ ಊರವರೇ, ಆಂಜೆಲ್ ಅಲ್ಕಾಲಾ ಅನ್ನುವ ವಿಜ್ಞಾನಿಯ ನೆರವಿನಿಂದ, ದ್ವೀಪದ ಒಂದು ಬದಿಯ ಚಿಕ್ಕ ತುಂಡನ್ನು ಮುಚ್ಚಿದರು. ಬಾಕಿ ಕಡೆ ಕೈಗಾಳ, ಬುಟ್ಟಿಬಲೆ ನಡೆಯಿತು. ಡೈನಮೈಟ್ ಸಿಡಿಸಿ ಮೀನು ಹಿಡಿಯುವುದು ನಿಂತಿತು. ಕೆಲವು ವರ್ಷಗಳಲ್ಲಿ ಮುಚ್ಚಿದ ತುಂಡಿನ ಅಂಚಿನಲ್ಲೇ ಹೆಚ್ಚು ಮೀನು ಸಿಗತೊಡಗಿತು. ಆಮೇಲೆ ಕಾಯುವುದಕ್ಕೆ ಯಾರೂ ಹೇಳಬೇಕಾಗಲಿಲ್ಲ.

ತೆರೆನೊರೆ:
ಮೀನುಗಾರರನ್ನು ಬಿಟ್ಟು ಏನೂ ಮಾಡಲಾಗದು, ಒಪ್ಪಿದೆ. ಆದರೆ ಎಷ್ಟೋ ಕಡೆ ಸಮುದ್ರ ಬರಿದು ಮಾಡಿದ್ದೂ ಮೀನುಗಾರಿಕೆಯೇ ಅಲ್ವಾ? ನ್ಯೂಫೌಂಡ್‌ಲ್ಯಾಂಡ್‌ನ ಕಾಡ್ ಮೀನಿನ ಗತಿ ಏನಾಯಿತು?

ದೋಣಿಮನೆ:
ತೆರೆನೊರೆಯವರೇ, ಆ ಕಥೆಯನ್ನು ಪೂರ್ತಿ ಹೇಳಬೇಕು. ಕಾಡ್ ಬರಿದಾಗಲು ಶುರುವಾಗಿದ್ದು ದೂರದ ದೇಶಗಳ ಕಾರ್ಖಾನೆ ಹಡಗುಗಳಿಂದ. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿವರೆಗೆ ತನ್ನ ಹಕ್ಕು ಹೇಳಿ ಅವರನ್ನು ಹೊರಗೆ ಕಳಿಸಿತು. ಆಮೇಲೆ ಆ ಜಾಗವನ್ನು ತನ್ನದೇ ದೊಡ್ಡ ಟ್ರಾಲರ್‌ಗಳಿಂದ ತುಂಬಿಸಿತು. 1980ರ ದಶಕದಲ್ಲಿ ದಡದ ಚಿಕ್ಕ ದೋಣಿಗಳವರು, ಮೀನು ಕಡಿಮೆಯಾಗುತ್ತಿದೆ, ಸಣ್ಣದಾಗುತ್ತಿದೆ ಅಂತ ಕೂಗಿ ಹೇಳಿದರು. ಸರ್ಕಾರಿ ಅಂದಾಜು ಟ್ರಾಲರ್‌ಗಳು ಹಿಡಿದ ಮೀನಿನ ಲೆಕ್ಕವನ್ನು ಬಹಳವಾಗಿ ನಂಬಿತ್ತು. ಟ್ರಾಲರ್‌ಗಳಿಗೋ, ಉಳಿದ ಮೀನು ಎಲ್ಲಿ ಗುಂಪುಗೂಡುತ್ತದೋ ಅಲ್ಲಿಗೇ ಹೋಗುವ ಉಪಕರಣ ಇತ್ತು. ಹಾಗಾಗಿ ಮೀನು ಮುಗಿಯುವವರೆಗೂ ಅವರ ಬಲೆ ತುಂಬಿಯೇ ಬಂತು. 1992ರ ಜುಲೈಯಲ್ಲಿ ಮೀನುಗಾರಿಕೆ ನಿಲ್ಲಿಸಿದಾಗ ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹೇಳಿದ ನಿಷೇಧ 2024ರವರೆಗೆ ನಡೆಯಿತು.

ಇನ್ನೊಂದು ಕಡೆ ಅಮೆರಿಕದ ಮೇನ್ ರಾಜ್ಯದ ಲಾಬ್‌ಸ್ಟರ್ ಹಿಡಿಯುವವರು ಇದ್ದಾರೆ. ಅವರ ದೋಣಿಯಲ್ಲಿ ಯಾವಾಗಲೂ ಒಂದು ಹಿತ್ತಾಳೆಯ ಅಳತೆಪಟ್ಟಿ ಇರುತ್ತದೆ. ಬಲೆಪೆಟ್ಟಿಗೆ ಮೇಲೆತ್ತಿದ ತಕ್ಷಣ ಲಾಬ್‌ಸ್ಟರ್‌ನ ಕಣ್ಣುಗೂಡಿನಿಂದ ಬೆನ್ನಿನ ಚಿಪ್ಪಿನ ಅಂಚಿನವರೆಗೆ ಇಟ್ಟು ನೋಡುತ್ತಾರೆ. ಮೂರೂಕಾಲು ಇಂಚಿಗಿಂತ ಚಿಕ್ಕದಾ, ನೀರಿಗೆ ವಾಪಸ್. ಐದು ಇಂಚಿಗಿಂತ ದೊಡ್ಡದಾ, ಅದೂ ವಾಪಸ್, ಯಾಕೆಂದರೆ ದೊಡ್ಡ ಹೆಣ್ಣು ಬಹಳ ಮೊಟ್ಟೆ ಇಡುತ್ತದೆ. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಅದರ ಬಾಲದ ರೆಕ್ಕೆಯಲ್ಲಿ ಚಿಕ್ಕದೊಂದು ಮೂರುಮೂಲೆಯ ಕಚ್ಚು ಮಾಡಿ ಬಿಡುತ್ತಾರೆ. ಮುಂದೆ ಅದು ಮೊಟ್ಟೆ ಇಲ್ಲದಾಗ ಬೇರೆಯವರಿಗೆ ಸಿಕ್ಕರೂ ಕಚ್ಚು ನೋಡಿ ಬಿಡಲೇಬೇಕು. ಯಾರೋ ಗುರುತು ಪರಿಚಯ ಇಲ್ಲದವರು ಹಾಕಿದ ಕಚ್ಚನ್ನು ಇನ್ನೊಬ್ಬರು ಗೌರವಿಸುತ್ತಾರೆ. ಇದು ಮೊದಲು ರೂಢಿಯಾಗಿ ಬಂತು, ಆಮೇಲೆ ಕಾನೂನಿಗೆ ಸೇರಿತು. 1995ರ ಕಾನೂನಿನಿಂದ ವಲಯ ಮಂಡಳಿಗಳು ಬಂದವು. ಅದಕ್ಕೆ ಸದಸ್ಯರನ್ನು ಮೀನುಗಾರರೇ ಆರಿಸುತ್ತಾರೆ, ಎಷ್ಟು ಪೆಟ್ಟಿಗೆ ಹಾಕಬೇಕು ಅನ್ನುವುದರಲ್ಲಿ ಅವರದೇ ಮತ.

ಮೇಷ್ಟ್ರು:
ದೋಣಿಮನೆಯವರ ಮಾತಿಗೆ ಟರ್ಕಿಯ ಅಲಾನ್ಯಾ ಊರನ್ನೂ ಸೇರಿಸುತ್ತೇನೆ. ಅಲ್ಲಿನ ಮೀನುಗಾರರು 1970ರ ದಶಕದಲ್ಲಿ ಜಗಳ ಹತ್ತಿ ಬೇಸತ್ತು ತಾವೇ ಒಂದು ಪದ್ಧತಿ ಮಾಡಿಕೊಂಡರು. ಪ್ರತಿ ಸೆಪ್ಟೆಂಬರಿನಲ್ಲಿ ಮೀನು ಸಿಗುವ ಜಾಗಗಳನ್ನೆಲ್ಲ ಹೆಸರು ಹಿಡಿದು ಪಟ್ಟಿ ಮಾಡುವುದು. ಒಬ್ಬರ ಬಲೆ ಇನ್ನೊಬ್ಬರ ಮೀನಿಗೆ ಅಡ್ಡ ಬರದಷ್ಟು ಅಂತರ ಇಡುವುದು. ಚೀಟಿ ಎತ್ತಿ ಜಾಗ ಹಂಚುವುದು. ಜನವರಿವರೆಗೆ ಪ್ರತಿಯೊಬ್ಬರೂ ದಿನಾ ಒಂದು ಜಾಗ ಪೂರ್ವಕ್ಕೆ ಸರಿಯುವುದು, ಆಮೇಲೆ ಪಶ್ಚಿಮಕ್ಕೆ. ವಲಸೆ ಮೀನಿನ ಹಾದಿಯಲ್ಲಿ ಎಲ್ಲರಿಗೂ ಸಮ ಅವಕಾಶ. ಯಾರಾದರೂ ಮೋಸ ಮಾಡಿ ಒಳ್ಳೆಯ ಜಾಗಕ್ಕೆ ಹೋದರೆ, ಆ ದಿನ ಆ ಜಾಗದ ಸರದಿ ಇದ್ದವನೇ ಹಿಡಿಯುತ್ತಾನೆ. ಕಾವಲಿಗೆ ಅಂತ ಬೇರೆ ಖರ್ಚೇ ಇಲ್ಲ.

ಆದರೂ ಒಂದು ಎಚ್ಚರಿಕೆ. ಇವೆಲ್ಲ ಕೆಲಸ ಮಾಡುವುದು ಹೊರಗಿನವರನ್ನು ತಡೆಯುವ ಹಕ್ಕು ಆ ಜನಕ್ಕೆ ಇದ್ದಾಗ. ಚಿಲಿ ದೇಶ 1991ರ ಕಾನೂನಿನಲ್ಲಿ ದಡದ ಮೀನುಗಾರ ಸಂಘಗಳಿಗೆ ಸಮುದ್ರದ ತಳದ ನಿರ್ದಿಷ್ಟ ತುಂಡುಗಳನ್ನು ಬಿಟ್ಟುಕೊಟ್ಟಿತು. ಲೋಕೋ ಅನ್ನುವ ಚಿಪ್ಪಿನ ಜೀವಿ ಅತಿಯಾಗಿ ಹಿಡಿದು ಮುಗಿಯುವ ಹಂತಕ್ಕೆ ಬಂದಿತ್ತು. ತುಂಡು ತಮ್ಮದು ಅಂತಾದ ಮೇಲೆ ಅವರೇ ಎಣಿಸಿ, ಕಾದು, ಲೆಕ್ಕ ಹಾಕಿ ತೆಗೆಯಲು ಶುರು ಮಾಡಿದರು. ಹಕ್ಕು ಕೊಡದೆ ಜವಾಬ್ದಾರಿ ಮಾತ್ರ ಕೊಟ್ಟರೆ ಯಾವ ಸಂಘವೂ ಉಳಿಯುವುದಿಲ್ಲ.

ಅಳಿವೆ:
ಇಷ್ಟು ಹೊತ್ತೂ ನೀವೆಲ್ಲ ಮೀನಿನ ಬಗ್ಗೆಯೇ ಮಾತಾಡಿದಿರಿ. ನನಗೆ ಬೇಸರ ಆಗುವುದು ಇಲ್ಲೇ. ಕಡಲಿಗೆ ಬರುವ ತೊಂದರೆಯಲ್ಲಿ ದೊಡ್ಡ ಪಾಲು ನೆಲದಿಂದ ಬರುತ್ತದೆ. ನೆಲ ನೋಡಿಕೊಳ್ಳುವ ಇಲಾಖೆ ಬೇರೆ, ಕಡಲು ನೋಡಿಕೊಳ್ಳುವ ಇಲಾಖೆ ಬೇರೆ. ಎರಡರ ನಡುವೆ ಅಳಿವೆ ಅನಾಥ.

ಮೊದಲು ಗೊಬ್ಬರ. ಮಿಸಿಸಿಪ್ಪಿ ನದಿ ಅಮೆರಿಕದ ಒಳನಾಡಿನ ಹೊಲಗಳ ನೈಟ್ರೋಜನ್, ರಂಜಕ ಹೊತ್ತು ತಂದು ಮೆಕ್ಸಿಕೋ ಕೊಲ್ಲಿಗೆ ಸುರಿಯುತ್ತದೆ. ಪಾಚಿ ಹುಚ್ಚೆದ್ದು ಬೆಳೆಯುತ್ತದೆ, ಸತ್ತು ತಳಕ್ಕೆ ಇಳಿಯುತ್ತದೆ, ಕೊಳೆಯುವಾಗ ತಳದ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಈಜಬಲ್ಲ ಮೀನು ಓಡಿಹೋಗುತ್ತದೆ. ಚಿಪ್ಪುಜೀವಿ, ಹುಳು ಅಲ್ಲೇ ಸಾಯುತ್ತವೆ. 2017ರ ಬೇಸಿಗೆಯಲ್ಲಿ ಈ ಸತ್ತ ವಲಯ 22,000 ಚದರ ಕಿಲೋಮೀಟರ್ ದಾಟಿತ್ತು. ಅಲ್ಲಿ ಮೀನುಗಾರಿಕೆ ನಿಷೇಧ ಹಾಕಿ ಏನು ಮಾಡುತ್ತೀರಿ? ಸರಿಮಾಡಬೇಕಾದ್ದು ಸಾವಿರಾರು ಕಿಲೋಮೀಟರ್ ಮೇಲಿನ ಜೋಳದ ಹೊಲದಲ್ಲಿ. ಚೆಸಪೀಕ್ ಕೊಲ್ಲಿಯವರು ಸ್ವಲ್ಪ ಬೇರೆ ದಾರಿ ಹಿಡಿದರು. 2010ರಲ್ಲಿ ಆ ಕೊಲ್ಲಿಗೆ ನೀರು ಹರಿಸುವ ಆರು ರಾಜ್ಯ ಮತ್ತು ವಾಷಿಂಗ್ಟನ್ ನಗರಕ್ಕೆ, ನೀವು ಇಷ್ಟೇ ನೈಟ್ರೋಜನ್, ಇಷ್ಟೇ ರಂಜಕ, ಇಷ್ಟೇ ಹೂಳು ಬಿಡಬಹುದು ಅಂತ ಮಿತಿ ಹಾಕಿದರು. ಗುರಿ ಪೂರ್ತಿ ಮುಟ್ಟಿಲ್ಲ, ಆದರೆ ಹೊಣೆ ಯಾರದು ಅನ್ನುವುದಾದರೂ ಬರಹದಲ್ಲಿದೆ.

ಇನ್ನು ಮರಳು. ದಡ ನಿಂತಿರುವುದು ನದಿ ತರುವ ಹೂಳು-ಮರಳಿನ ಮೇಲೆ. 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿದ ಮೇಲೆ ನೈಲ್ ನದಿಯ ಹೂಳು ಹಿಂದೆಯೇ ಉಳಿಯಿತು, ಮುಖಜಭೂಮಿಯನ್ನು ಕಡಲು ಕೊರೆಯುತ್ತಿದೆ. ಕಡಲ್ಕೊರೆತ ಅಂದ ತಕ್ಷಣ ಎಲ್ಲರೂ ಕಲ್ಲು ತಂದು ಸುರಿಯುತ್ತಾರೆ. ದಡದಿಂದ ಕಡಲಿಗೆ ಅಡ್ಡವಾಗಿ ಚಾಚಿದ ಕಲ್ಲಿನ ಸಾಲನ್ನು ಹತ್ತಿರ ನಿಂತು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಮರಳು ಬರುವ ಕಡೆ ದಡ ಅಗಲವಾಗಿ ತುಂಬಿರುತ್ತದೆ. ಇನ್ನೊಂದು ಕಡೆ ಕಚ್ಚಿ ತೆಗೆದ ಹಾಗೆ ಒಳಗೆ ಹೋಗಿರುತ್ತದೆ, ಬೇರು ಕಾಣುವ ಮರಗಳು ವಾಲಿರುತ್ತವೆ. ಒಬ್ಬರ ಮನೆ ಉಳಿಸಿದ ಕಲ್ಲು ಪಕ್ಕದವರ ಮನೆ ತೆಗೆಯುತ್ತದೆ. ಅವರೂ ಕಲ್ಲು ಕೇಳುತ್ತಾರೆ. ಹೀಗೇ ಸಾಲು ಬೆಳೆಯುತ್ತದೆ. ಈ ಗೋಡೆಗಳನ್ನು ಒಂದೊಂದಾಗಿ ಮಂಜೂರು ಮಾಡುವುದನ್ನು ನಿಲ್ಲಿಸಿ, ಮರಳು ಚಲಿಸುವ ಇಡೀ ದಡವನ್ನು ಒಂದೇ ಘಟಕ ಅಂತ ನೋಡುವ ತನಕ ಇದು ಮುಗಿಯುವುದಿಲ್ಲ.

ಕಡಲತಡಿ:
ಅಳಿವೆ ಮೇಡಂ, ಗೋಡೆ ಬಿಟ್ಟು ಬೇರೆ ದಾರಿ ಎಲ್ಲಾದರೂ ಹಿಡಿದಿದ್ದಾರಾ?

ಅಳಿವೆ:
ಇದೆ. ನೆದರ್‌ಲೆಂಡ್ಸ್‌ನವರು 2011ರಲ್ಲಿ ದಕ್ಷಿಣ ಹಾಲೆಂಡ್ ದಡದಲ್ಲಿ 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ರಾಶಿ ಹಾಕಿದರು. ಅಲೆ, ಗಾಳಿ, ಪ್ರವಾಹವೇ ಅದನ್ನು ವರ್ಷಗಟ್ಟಲೆ ದಡದುದ್ದ ಹರಡಲಿ ಅಂತ. ನಿಧಾನವಾಗಿ ಹರಡುತ್ತಿದೆ. ಖರ್ಚಿನ ಕೆಲಸ, ಮರಳು ಇರುವ ದೇಶಕ್ಕೆ ಮಾತ್ರ ಸಾಧ್ಯ. ಬಿಸಿ ನಾಡುಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಉಳಿಸಿಕೊಳ್ಳುವುದು ಇದಕ್ಕಿಂತ ಎಷ್ಟೋ ಅಗ್ಗ. ಅಲೆಯ ಹೊಡೆತ ತಗ್ಗಿಸುತ್ತದೆ, ಹೂಳು ಹಿಡಿಯುತ್ತದೆ, ಮರಿಮೀನು ಸಾಕುತ್ತದೆ. ಸೀಗಡಿ ಕೊಳಗಳಿಗಾಗಿ ಕಡಿದ ಕಾಂಡ್ಲಾವನ್ನು ಮತ್ತೆ ನೆಡುವಾಗ ಕೆಸರು ಬಯಲಲ್ಲಿ ಸಾಲಾಗಿ ಗಿಡ ಚುಚ್ಚಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅವು ಬಹುಪಾಲು ಸಾಯುತ್ತವೆ. ಕೊಳದ ಒಡ್ಡು ಒಡೆದು ಉಬ್ಬರ-ಇಳಿತದ ನೀರು ಮೊದಲಿನಂತೆ ಓಡಾಡಲು ಬಿಟ್ಟರೆ ಬೀಜ ತಾನೇ ತೇಲಿ ಬಂದು ಬೇರು ಬಿಡುತ್ತದೆ.

ನಕಾಶೆ:
ಕಟ್ಟಡವನ್ನೇ ದೂರ ಇಡುವುದೂ ಒಂದು ದಾರಿ. ಮೆಡಿಟರೇನಿಯನ್ ದೇಶಗಳು 2008ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿ ಹಾಕಿದ ಕರಾವಳಿ ಒಪ್ಪಂದ 2011ರಿಂದ ಜಾರಿಯಲ್ಲಿದೆ. ಚಳಿಗಾಲದಲ್ಲಿ ನೀರು ಏರುವ ಅತಿ ಮೇಲಿನ ಗೆರೆಯಿಂದ ಕನಿಷ್ಠ 100 ಮೀಟರ್ ಜಾಗದಲ್ಲಿ ಕಟ್ಟಡ ಬೇಡ ಅನ್ನುತ್ತದೆ. ವಿನಾಯಿತಿಗಳೂ ಇವೆ, ತೊಂದರೆ ಶುರುವಾಗುವುದು ಅಲ್ಲೇ.

ತೆರೆನೊರೆ:
200 ಮೈಲಿ ಆಚೆ ಏನು ಗತಿ? ಅಲ್ಲಿ ಅಪೋ ದ್ವೀಪದ ಜನ ಇಲ್ಲ, ಲಾಬ್‌ಸ್ಟರ್ ಮಂಡಳಿಯೂ ಇಲ್ಲ.

ಮೇಷ್ಟ್ರು:
1982ರ ಸಮುದ್ರ ಕಾನೂನಿನ ಒಪ್ಪಂದ ದೇಶಗಳಿಗೆ 12 ನಾಟಿಕಲ್ ಮೈಲಿವರೆಗೆ ಪೂರ್ಣ ಅಧಿಕಾರ, 200ರವರೆಗೆ ಸಂಪನ್ಮೂಲದ ಹಕ್ಕು ಕೊಟ್ಟಿತು. ಅದರಾಚೆ ಲೋಕದ ಸಮುದ್ರದ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಉಳಿಯಿತು. ಅಲ್ಲಿ ಸಂರಕ್ಷಿತ ಪ್ರದೇಶ ಮಾಡುವುದಕ್ಕೆ ಸರಿಯಾದ ದಾರಿಯೇ ಇರಲಿಲ್ಲ. 2023ರ ಜೂನ್‌ನಲ್ಲಿ ಅದಕ್ಕಾಗಿ ಹೊಸ ಒಪ್ಪಂದ ಆಯಿತು, 60 ದೇಶಗಳು ಅನುಮೋದಿಸಿದ ಮೇಲೆ 2026ರ ಜನವರಿ 17ರಿಂದ ಜಾರಿಗೆ ಬಂತು.

ಅಲ್ಲಿ ಕಾಯುವುದು ಹೇಗೆ ಅಂದರೆ, ಮುಖ್ಯವಾಗಿ ಬಂದರಿನಲ್ಲಿ. ಕದ್ದು ಹಿಡಿದ ಮೀನನ್ನೂ ಎಲ್ಲೋ ಒಂದು ಕಡೆ ಇಳಿಸಲೇಬೇಕು. ಬಂದರು ದೇಶಗಳು ಅಂಥ ಹಡಗನ್ನು ತಡೆಯಬೇಕು ಅನ್ನುವ ಒಪ್ಪಂದ 2016ರಿಂದ ಇದೆ. ಉಪಗ್ರಹವೂ ನೆರವಿಗೆ ಬಂದಿದೆ. ಚಿತ್ರ ಮತ್ತು ರೇಡಾರ್ ಸೇರಿಸಿ ನೋಡಿದ ಅಧ್ಯಯನವೊಂದು 2024ರಲ್ಲಿ ಬಂತು. ದೊಡ್ಡ ಮೀನುಗಾರಿಕೆ ಹಡಗುಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ತಮ್ಮ ಇರುವಿಕೆಯನ್ನು ಸಾರ್ವಜನಿಕ ಜಾಲದಲ್ಲಿ ತೋರಿಸುವುದೇ ಇಲ್ಲ ಅಂತ ಅದು ಹೇಳಿತು. ಜೊತೆಗೆ, ದೂರ ಹೋಗಿ ಹಿಡಿಯಲು ಸರ್ಕಾರಗಳೇ ಇಂಧನಕ್ಕೆ ದುಡ್ಡು ಕೊಡುತ್ತಿವೆ. ಅಕ್ರಮ ಮೀನುಗಾರಿಕೆಗೆ ಮತ್ತು ಬರಿದಾದ ಮೀನು ಸಂತತಿಗೆ ಸಬ್ಸಿಡಿ ಕೊಡಬಾರದು ಅಂತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರಲ್ಲಿ ಒಪ್ಪಿದರು. 2025ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂತು. ದೋಣಿಗಳ ಸಂಖ್ಯೆ ಉಬ್ಬಿಸುವ ಸಬ್ಸಿಡಿಗಳ ಮಾತು ಇನ್ನೂ ಮುಗಿದಿಲ್ಲ.

ದೋಣಿಮನೆ:
ಚಿಕ್ಕ ದೇಶಗಳು ಒಟ್ಟಾದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿ ಮೇಷ್ಟ್ರೇ. ಪೆಸಿಫಿಕ್‌ನ ನೌರು ಒಪ್ಪಂದದ ಎಂಟು ದ್ವೀಪದೇಶಗಳು ಟ್ಯೂನಾ ಹಡಗುಗಳಿಗೆ ದಿನಗಳನ್ನು ಮಾರುತ್ತವೆ. ಒಟ್ಟು ಇಷ್ಟೇ ದಿನ ಅಂತ ಮಿತಿ, ಒಂದು ಹಡಗಿಗೆ ಒಂದು ದಿನಕ್ಕೆ ಕನಿಷ್ಠ 8,000 ಡಾಲರ್. ಮೊದಲು ಒಂದೊಂದು ದೇಶವೂ ಬೇರೆಬೇರೆಯಾಗಿ ಚೌಕಾಸಿಗೆ ಕೂತು ಕವಡೆ ಕಾಸಿಗೆ ಕೊಡುತ್ತಿತ್ತು.

ಕಡಲತಡಿ:
ಬಹಳ ವಿಷಯ ಬಂತು, ಎಲ್ಲರಿಗೂ ಧನ್ಯವಾದ. ಒಂದು ಕೊನೆಯ ಅನುಮಾನ. ನೀರು ಬಿಸಿಯಾಗಿ ಮೀನೇ ಜಾಗ ಬದಲಿಸಿದರೆ ಈ ಗೆರೆ, ಹಕ್ಕು, ಮಂಡಳಿ ಎಲ್ಲದರ ಕಥೆ ಏನು? ಬ್ಯಾರಿಯರ್ ರೀಫ್ ಹವಳ 2016, 2017, 2020, 2022, 2024ರಲ್ಲಿ ದೊಡ್ಡ ಮಟ್ಟದಲ್ಲಿ ಬಿಳುಚಿತು. ಹಸಿರು ವಲಯ ಅದನ್ನು ತಡೆಯಲಿಲ್ಲವಲ್ಲ.

ನಕಾಶೆ:
ತಡೆಯಲಾಗುವುದಿಲ್ಲ. ಅದಕ್ಕೆ ಇಂಗಾಲದ ಹೊಗೆಯೇ ಕಡಿಮೆಯಾಗಬೇಕು. ಜಗಳ ಈಗಾಗಲೇ ಶುರುವಾಗಿದೆ. ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕರೆಲ್ 2007ರ ಸುಮಾರಿಗೆ ಐಸ್‌ಲ್ಯಾಂಡ್ ಕಡೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿತು. ಐಸ್‌ಲ್ಯಾಂಡ್ ತನ್ನ ಪಾಲು ತಾನೇ ಹಾಕಿಕೊಂಡಿತು. ಹಳೆಯ ಪಾಲುದಾರರು ತಮ್ಮದನ್ನು ಇಳಿಸಲಿಲ್ಲ. ಎಲ್ಲರ ಪಾಲು ಕೂಡಿಸಿದರೆ ವಿಜ್ಞಾನಿಗಳು ಹೇಳಿದ್ದಕ್ಕಿಂತ ವರ್ಷವರ್ಷವೂ ಜಾಸ್ತಿ. ಹಾಗಾಗಿ ಯೋಜನೆ ಬರೆಯುವಾಗಲೇ, ಸಂತತಿ ಇಷ್ಟಕ್ಕಿಂತ ಇಳಿದರೆ ಹಿಡಿಯುವ ಮೀನಿನ ಪ್ರಮಾಣ ತಾನಾಗಿ ಇಷ್ಟು ಇಳಿಯಬೇಕು ಅಂತ ಹಾಕಿಬಿಡಬೇಕು. ಅಟ್ಲಾಂಟಿಕ್‌ನ ಬ್ಲೂಫಿನ್ ಟ್ಯೂನಾಗೆ 2022ರಲ್ಲಿ ಹೀಗೇ ಮಾಡಿದರು. ಪ್ರತಿ ಸಲ ಕೂತು ಚೌಕಾಸಿ ಮಾಡುವುದು ತಪ್ಪುತ್ತದೆ.

ದೋಣಿಮನೆ:
ಒಪ್ಪಿದೆ, ಒಂದು ಷರತ್ತಿನ ಮೇಲೆ. ಆ ಅಂಕಿ ನಿಗದಿ ಮಾಡುವಾಗ ಟ್ರಾಲರ್ ಲೆಕ್ಕದ ಜೊತೆ ದಡದ ಚಿಕ್ಕ ದೋಣಿಗಳ ದಿನದ ಲೆಕ್ಕವನ್ನೂ ತರಿಸಿ ನೋಡಬೇಕು. ಕಾಡ್ ವಿಷಯದಲ್ಲಿ ಅದಕ್ಕೆ ಬೆಲೆ ಕೊಡಲಿಲ್ಲ.